ಆಸರೆಯನ್ನು ಅರಸುವ ಬಳ್ಳಿ

ಒಂದು ಮುಂಗಾರಿನಲ್ಲಿ ನಾವು ನಮ್ಮ ಹಿತ್ತಲಿನ ಗೋಡೆಯ ಬುಡದಲ್ಲಿ ಶಂಖಪುಷ್ಪದ ಬೀಜಗಳನ್ನು ಬಿತ್ತಿದೆವು. ಸುಣ್ಣ ಬಳಿದ ಬಿಳಿಯ ಗೋಡೆಯ ತುಂಬ ನೀಲಿಯ ಹೂಗಳು ಅರಳಿ ನಿಲ್ಲುವ ದೃಶ್ಯವು ಆಗಲೇ ನಮ್ಮ ಕಣ್ಣಿಗೆ ಕಟ್ಟಿದ್ದಿತು. ಬೀಜಗಳು ಮೊಳೆತುವು, ಗಿಡಗಳು ಬೆಳೆದುವು, ಆದರೆ ಒಂದಾದರೂ ಗೋಡೆಯನ್ನು ಏರಲಿಲ್ಲ. ಮೊಳದಷ್ಟು ಎತ್ತರ ಎದ್ದು, ತಲೆ ಬಾಗಿಸಿ, ನೆಲಕ್ಕೆ ಒರಗಿ, ಒಂದನ್ನೊಂದು ಹೊಸೆದುಕೊಂಡು ಕಂತೆಯಾಗಿ ಬಿದ್ದುವು. ಇದನ್ನು ಕಂಡ ನೆರೆಮನೆಯ ಹಿರಿಯರೊಬ್ಬರು, “ಮಣ್ಣಿನಲ್ಲಿ ಸಾರವಿಲ್ಲ ಮೇಷ್ಟ್ರೇ, ಗೊಬ್ಬರ ಹಾಕಿ” ಎಂದರು. ಹಾಕಿದೆವು. ಎಲೆಗಳು ಇನ್ನಷ್ಟು ಹಸಿರಾಗಿ ದಟ್ಟವಾದುವು. ಬಳ್ಳಿ ಮಾತ್ರ ಏಳಲಿಲ್ಲ, ಹೂವಂತೂ ಕಾಣಲೇ ಇಲ್ಲ.

ಹೀಗಿರುವಲ್ಲಿ, ಬಟ್ಟೆ ಒಣಹಾಕುವ ಹಗ್ಗವು ಒಂದು ಕಡೆ ಕಡಿದು, ಅದರ ತುದಿ ಗಿಡಗಳ ಹತ್ತಿರ ಜೋತುಬಿದ್ದಿತು. ಅದನ್ನು ಮರಳಿ ಕಟ್ಟಲು ನಮಗೆ ಎರಡು ಮೂರು ದಿನ ಬಿಡುವಾಗಲಿಲ್ಲ. ಕಟ್ಟಲು ಹೋದಾಗ ನೋಡುತ್ತೇವೆ, ಒಂದು ಕುಡಿ ಆ ಹಗ್ಗವನ್ನು ಮೂರು ಸುತ್ತು ಸುತ್ತಿ ಮೇಲಕ್ಕೆ ಹೊರಟಿದೆ! ಅಷ್ಟು ದೊಡ್ಡ ಗೋಡೆ ಕೊಡಲಾರದ ಆಸರೆಯನ್ನು ಒಂದು ಹಳೆಯ ಹಗ್ಗದ ತುಂಡು ಕೊಟ್ಟಿತ್ತು. ತಪ್ಪು ಮಣ್ಣಿನದಾಗಿರಲಿಲ್ಲ, ಬೀಜದ್ದೂ ಆಗಿರಲಿಲ್ಲ. ಬಳ್ಳಿಗೆ ಬೇಕಾದುದೇನೆಂದು ತಿಳಿಯದೆ ಬೇಡವಾದುದನ್ನು ಒದಗಿಸಿದ ನಮ್ಮದಾಗಿದ್ದಿತು.

ಗೋಡೆಯಲ್ಲಿ ಇಲ್ಲದಿದ್ದು ಹಗ್ಗದಲ್ಲಿ ಇದ್ದುದೇನು? ಈ ಪ್ರಶ್ನೆಗೆ ಉತ್ತರ ದೊರೆತರೆ, ಹೂಬಳ್ಳಿಯನ್ನು ಬೆಳೆಸುವ ಕ್ರಮವೂ ತಾನಾಗಿಯೇ ತಿಳಿಯುವುದು. ಉತ್ತರವು ಸಸ್ಯಶಾಸ್ತ್ರದಲ್ಲಿ ಎಷ್ಟು ಇದೆಯೋ ಭೌತಶಾಸ್ತ್ರದಲ್ಲಿಯೂ ಅಷ್ಟೇ ಇದೆ.

ಬಳ್ಳಿಯ ಪರಿಚಯ

ಶಂಖಪುಷ್ಪವು ನಮ್ಮ ನಾಡಿಗೆ ಹೊಸತಲ್ಲ. ಹಳ್ಳಿಯ ಬೇಲಿಗಳಲ್ಲಿ, ದೇವಸ್ಥಾನದ ಹೂದೋಟಗಳಲ್ಲಿ ಅದನ್ನು ಎಲ್ಲರೂ ಕಂಡಿರುವರು. ಗಿರಿಕರ್ಣಿಕೆ, ಅಪರಾಜಿತಾ ಎಂಬ ಹೆಸರುಗಳೂ ಅದಕ್ಕೆ ಉಂಟು. ಆಯುರ್ವೇದದಲ್ಲಿ ಶಂಖಪುಷ್ಪಿ ಎಂಬ ಹೆಸರಿನಿಂದ ಬೇರೆ ಕೆಲವು ಗಿಡಗಳನ್ನೂ ಕರೆಯುವುದರಿಂದ, ಹೆಸರನ್ನು ಮಾತ್ರ ನೋಡಿ ಗಿಡವನ್ನು ನಿಶ್ಚಯಿಸಬಾರದು. ಲಿನೀಯಸ್ ೧೭೫೩ರಲ್ಲಿ ಇದಕ್ಕೆ ಕೊಟ್ಟ ಶಾಸ್ತ್ರೀಯ ನಾಮ ಕ್ಲಿಟೋರಿಯ ಟರ್ನೇಟಿಯ. ಇಂಡೊನೇಷ್ಯಾದ ಮೊಲುಕ್ಕ ದ್ವೀಪಗಳಲ್ಲಿ ಒಂದಾದ ಟರ್ನೇಟಿಯ ಹೆಸರು ಅದರಲ್ಲಿ ಅಡಗಿದೆ. ಅವರೆ, ಹುರುಳಿ, ತೊಗರಿಗಳ ಕುಟುಂಬಕ್ಕೆ ಸೇರಿದ ಈ ಸಸ್ಯವು ಇಂದು ಉಷ್ಣವಲಯದ ಬಹುತೇಕ ದೇಶಗಳಲ್ಲಿ ಬೆಳೆಯುತ್ತಿದೆ. ಅನುಕೂಲ ದೊರೆತರೆ ಎರಡು ಮೂರು ಮೀಟರು ಎತ್ತರಕ್ಕೆ ಸುಲಭವಾಗಿ ಏರುವುದು.

ಬಳ್ಳಿಗಳೆಲ್ಲವೂ ಒಂದೇ ರೀತಿಯಲ್ಲಿ ಏರುವುದಿಲ್ಲ. ವೀಳ್ಯದೆಲೆ ಮತ್ತು ಕರಿಮೆಣಸಿನ ಬಳ್ಳಿಗಳು ಗೆಣ್ಣುಗಳಲ್ಲಿ ಸಣ್ಣ ಬೇರುಗಳನ್ನು ಬಿಟ್ಟು ಮರದ ತೊಗಟೆಗೆ ಅಂಟಿಕೊಳ್ಳುತ್ತವೆ. ಹೀರೆ, ಹಾಗಲ, ಸೌತೆಗಳು ದಾರದಂತಹ ಎಳೆಗಳನ್ನು ಚಾಚಿ, ಸಿಕ್ಕ ಕಡ್ಡಿಯನ್ನು ಅವುಗಳಿಂದ ಹಿಡಿಯುತ್ತವೆ. ಅಗ್ನಿಶಿಖೆಯ ಎಲೆಯ ತುದಿಯೇ ಸುರುಳಿಯಾಗಿ ಆಸರೆಯನ್ನು ಕೊಂಡಿಯಂತೆ ಹಿಡಿಯುವುದು. ಬೋಗನ್‌ವಿಲ್ಲಾ ಮುಳ್ಳುಗಳಿಂದ ತಗುಲಿಕೊಳ್ಳುತ್ತ ಇತರ ಗಿಡಗಳ ಮೇಲೆ ಒರಗುವುದು. ಶಂಖಪುಷ್ಪಕ್ಕೆ ಈ ಸಲಕರಣೆಗಳಲ್ಲಿ ಒಂದೂ ಇಲ್ಲ. ಅದರ ಕಾಂಡವೇ ಆಸರೆಯನ್ನು ಸುತ್ತಬೇಕು. ಗೋಡೆಯನ್ನು ಸುತ್ತುವುದು ಯಾವ ಕಾಂಡಕ್ಕೂ ಸಾಧ್ಯವಿಲ್ಲವಷ್ಟೆ! ವೀಳ್ಯದೆಲೆಗೆ ಒಗ್ಗುವ ಸ್ಥಳವನ್ನು ನಾವು ಶಂಖಪುಷ್ಪಕ್ಕೆ ಕೊಟ್ಟಿದ್ದೆವು. ಇದು ನಮ್ಮ ಮೊದಲನೆಯ ತಪ್ಪು.

ಕಂಬವಾಗದೆ ಬಳ್ಳಿಯಾದುದೇಕೆ?

ಬಳ್ಳಿಯನ್ನು ಕಂಡರೆ ನಮಗೆ ದುರ್ಬಲವಾದ ಸಸ್ಯವೆಂದು ತೋರುವುದು. ಆದರೆ ಲೆಕ್ಕ ಹಾಕಿ ನೋಡಿದರೆ ಅದು ಬಲು ಜಾಣತನದ ಮಿತವ್ಯಯವೆಂದು ವೇದ್ಯವಾಗುವುದು. ಸಸ್ಯಕ್ಕೆ ಬೇಕಾದುದು ಬೆಳಕು. ದಟ್ಟವಾಗಿ ಬೆಳೆದ ಉಷ್ಣವಲಯದ ಪೊದೆಗಳಲ್ಲಿ ಬೆಳಕು ಇರುವುದು ಮೇಲೆ. ಅಲ್ಲಿಗೆ ತಲುಪಲು ಮರವು ಕಂಬದಂತೆ ನಿಲ್ಲಬೇಕು. ಕಂಬವು ತನ್ನ ಭಾರದಿಂದಲೇ ಬಾಗಿ ಬೀಳದಷ್ಟು ದಪ್ಪವಾಗಿರಬೇಕು.

ಎಷ್ಟು ದಪ್ಪ? ೧೮೮೧ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಗ್ರೀನ್‌ಹಿಲ್ ಎಂಬುವರು ಇದನ್ನು ಲೆಕ್ಕ ಹಾಕಿದರು. ಒಂದೇ ದ್ರವ್ಯದ, ಒಂದೇ ಆಕಾರದ ಎರಡು ಕಂಬಗಳಲ್ಲಿ ಒಂದರ ಎತ್ತರವು ಇನ್ನೊಂದರ ಇಮ್ಮಡಿಯಾಗಿದ್ದರೆ, ಅದು ಅಷ್ಟೇ ಭದ್ರವಾಗಿ ನಿಲ್ಲಲು ಅದರ ವ್ಯಾಸವು ಇಮ್ಮಡಿಯಾದರೆ ಸಾಲದು, ಸುಮಾರು ೨.೮ ಪಟ್ಟು ಆಗಬೇಕು. ವ್ಯಾಸವು ೨.೮ ಪಟ್ಟಾದರೆ ಅಡ್ಡಕೊಯ್ತದ ವಿಸ್ತೀರ್ಣವು ೮ ಪಟ್ಟಾಗುವುದು. ಎತ್ತರವೂ ಇಮ್ಮಡಿಯಾಗಿರುವುದರಿಂದ ಒಟ್ಟು ದ್ರವ್ಯವು ೧೬ ಪಟ್ಟಾಗುವುದು. ಅಂದರೆ, ಒಂದು ಗಿಡ ಎರಡರಷ್ಟು ಎತ್ತರಕ್ಕೆ ತಲೆಯೆತ್ತಬೇಕಾದರೆ ಹದಿನಾರರಷ್ಟು ಮರವನ್ನು ಕಟ್ಟಬೇಕು! ಬಳ್ಳಿಯು ಈ ವೆಚ್ಚವನ್ನು ಬೇರೊಬ್ಬರ ಲೆಕ್ಕಕ್ಕೆ ಬರೆಯುವುದು. ಪಕ್ಕದ ಮರ ಕಟ್ಟಿದ ಕಂಬವನ್ನು ಎರವಲು ಪಡೆದು, ತಾನು ಎತ್ತರ ಎರಡರಷ್ಟಾದರೆ ಸುಮಾರು ಎರಡರಷ್ಟೇ ಕಾಂಡವನ್ನು ಬೆಳೆಸುವುದು. ಉಳಿತಾಯವಾದುದನ್ನೆಲ್ಲ ಎಲೆಗೆ, ಬೇರಿಗೆ, ಹೂವಿಗೆ ವಿನಿಯೋಗಿಸುವುದು.

ಆದರೆ ತೆಳುವಾದ ಕಾಂಡಕ್ಕೆ ಇನ್ನೊಂದು ತೊಡಕುಂಟು. ಅದರ ಮೂಲಕವೇ ಎಲೆಗಳಿಗೆಲ್ಲ ನೀರು ಹೋಗಬೇಕು. ಇಲ್ಲಿಯೂ ಒಂದು ಹದಿನಾರು ಬರುವುದು ಸ್ವಾರಸ್ಯವಾಗಿದೆ. ಸಣ್ಣ ಕೊಳವೆಗಳಲ್ಲಿ ದ್ರವಗಳು ಹರಿಯುವ ಬಗೆಯನ್ನು ೧೮೪೦ರ ಸುಮಾರಿನಲ್ಲಿ ಫ್ರಾನ್ಸಿನ ವೈದ್ಯ ಪ್ವಾಸೆಯ ಅಭ್ಯಾಸ ಮಾಡಿದನು. ಅವನ ನಿಯಮದಂತೆ, ಒತ್ತಡವೂ ಉದ್ದವೂ ಬದಲಾಗದಿದ್ದಲ್ಲಿ, ಕೊಳವೆಯ ತ್ರಿಜ್ಯವನ್ನು ಇಮ್ಮಡಿ ಮಾಡಿದರೆ ಹರಿಯುವ ನೀರು ೧೬ ಪಟ್ಟಾಗುವುದು. ಬಳ್ಳಿಗಳ ಕಾಂಡದಲ್ಲಿ ನೀರಿನ ನಾಳಗಳು ಸಾಮಾನ್ಯವಾಗಿ ಅಷ್ಟೇ ದಪ್ಪದ ಮರದ ಕೊಂಬೆಯಲ್ಲಿರುವುದಕ್ಕಿಂತ ಅಗಲವಾಗಿರುತ್ತವೆ. ಆದುದರಿಂದಲೇ ಕಡ್ಡಿಯಂತಹ ಕಾಂಡವು ಚಪ್ಪರ ತುಂಬುವಷ್ಟು ಎಲೆಗಳಿಗೆ ನೀರೊದಗಿಸಬಲ್ಲುದು. ಆದರೆ ಇಷ್ಟು ಎಲೆಗಳಿಂದ ನೀರು ಆವಿಯಾಗುತ್ತಿರುವಾಗ ಬುಡದಲ್ಲಿ ತೇವವಿಲ್ಲದಿದ್ದರೆ ಬಳ್ಳಿ ಬೇಗ ಬಾಡುವುದು. ಕುಂಡದಲ್ಲಿ ಬೆಳೆಸುವವರು ಬೇಸಿಗೆಯಲ್ಲಿ ಇದನ್ನು ಮರೆಯಬಾರದು.

ಕಣ್ಣಿಲ್ಲದ ಹುಡುಕಾಟ

ಕಂಬವನ್ನು ಎರವಲು ಪಡೆಯಬೇಕಾದರೆ ಮೊದಲು ಅದನ್ನು ಹುಡುಕಬೇಕು. ಕಣ್ಣಿಲ್ಲದ, ನಡೆಯಲಾರದ ಗಿಡ ಹೇಗೆ ಹುಡುಕೀತು?

ಈ ಪ್ರಶ್ನೆಯನ್ನು ಬಹು ಸಹನೆಯಿಂದ ಬಿಡಿಸಿದವರು ವಿಕಾಸವಾದದಿಂದ ವಿಖ್ಯಾತರಾದ ಚಾರ್ಲ್ಸ್ ಡಾರ್ವಿನ್. ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇ ೧೮೫೮ರಲ್ಲಿ ಬರೆದ ಒಂದು ಸಣ್ಣ ಲೇಖನವು ಅವರ ಕುತೂಹಲವನ್ನು ಕೆರಳಿಸಿತು. ಕಾಯಿಲೆಯಿಂದ ಹಗಲಿರುಳೂ ಕೋಣೆಯಲ್ಲಿಯೇ ಇರಬೇಕಾಗಿ ಬಂದಾಗ, ಅವರು ಕುಂಡದಲ್ಲಿ ನೆಟ್ಟ ಹಾಪ್ ಎಂಬ ಬಳ್ಳಿಯನ್ನು ಪಕ್ಕದಲ್ಲಿರಿಸಿಕೊಂಡು ಅದರ ಕುಡಿಯ ಚಲನೆಯನ್ನು ಗುರುತು ಹಾಕುತ್ತ ಹೋದರು. ಕುಡಿಯು ಸುಮ್ಮನೆ ಮೇಲಕ್ಕೆ ಬೆಳೆಯುತ್ತಿರಲಿಲ್ಲ. ಓರೆಯಾಗಿ ಬಾಗಿ, ಗಡಿಯಾರದ ಮುಳ್ಳಿನಂತೆ ನಿಧಾನವಾಗಿ ಸುತ್ತು ಹಾಕುತ್ತಿತ್ತು. ಬಿಸಿಲಿನ ದಿನಗಳಲ್ಲಿ ಹಗಲು ಹೊತ್ತು ಒಂದು ಸುತ್ತಿಗೆ ಸರಾಸರಿ ೨ ಗಂಟೆ ೮ ನಿಮಿಷ ಹಿಡಿಯುತ್ತಿತ್ತು. ಸಿಂಹಳದ ಸೆರೊಪೀಜಿಯ ಎಂಬ ಬಳ್ಳಿಯ ಉದ್ದನೆಯ ಕುಡಿಯಂತೂ ಐದು ಅಡಿಗಿಂತ ಹೆಚ್ಚು ವ್ಯಾಸದ ವೃತ್ತವನ್ನು ಬಳಸುತ್ತಿದ್ದಿತು. ಅದರ ತುದಿಯ ವೇಗ ಗಂಟೆಗೆ ೩೨ ಅಂಗುಲ! ಡಾರ್ವಿನ್ನರ ಈ ದೀರ್ಘ ಪ್ರಬಂಧವು ೧೮೬೫ರಲ್ಲಿ ಲಿನೀಯನ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಶಂಖಪುಷ್ಪದ ಕುಡಿಯೂ ಇದೇ ರೀತಿ ಸುತ್ತುವುದು. ಕಾಂಡದ ಎಳೆಯ ಭಾಗದಲ್ಲಿ ಒಂದು ಪಾರ್ಶ್ವದ ಜೀವಕೋಶಗಳು ಎದುರು ಪಾರ್ಶ್ವದ ಕೋಶಗಳಿಗಿಂತ ಹೆಚ್ಚು ಉದ್ದವಾದರೆ, ಕಾಂಡವು ಎದುರು ಬದಿಗೆ ಬಾಗುವುದು. ಉದ್ದವಾಗುವ ಸರದಿಯು ಪಾರ್ಶ್ವದಿಂದ ಪಾರ್ಶ್ವಕ್ಕೆ ಸುತ್ತಲೂ ಸಾಗುತ್ತ ಹೋದಂತೆ ಬಾಗಿದ ತುದಿಯೂ ಸುತ್ತಲೂ ಸಾಗುವುದು. ಕತ್ತಲೆಯ ಕೋಣೆಯಲ್ಲಿ ಕೈ ಚಾಚಿ ತಡವುವವನಂತೆ, ಕುಡಿಯು ತನ್ನ ಸುತ್ತಣ ಗಾಳಿಯನ್ನು ತಡವುವುದು. ಆ ವೃತ್ತದೊಳಗೆ ಕಡ್ಡಿಯೊಂದು ಸಿಕ್ಕಿತೆಂದರೆ, ಕುಡಿಯ ಒಂದು ಭಾಗಕ್ಕೆ ತಡೆ ಬೀಳುವುದು. ತಡೆಯ ಮುಂದಿನ ಭಾಗ ಮಾತ್ರ ಸುತ್ತುತ್ತಲೇ ಇರುವುದು. ಹೀಗೆ ಸುತ್ತುವುದೇ ಅಪ್ಪಿಕೊಳ್ಳುವುದಾಗಿ ಪರಿಣಮಿಸುವುದು. ದಾರದ ತುದಿಗೆ ಕಲ್ಲು ಕಟ್ಟಿ ತಿರುಗಿಸುವಾಗ ದಾರವು ಕಂಬಕ್ಕೆ ತಗುಲಿದರೆ ಕಲ್ಲು ಹೇಗೆ ಕಂಬವನ್ನು ಸುತ್ತಿಕೊಳ್ಳುವುದೋ ಹಾಗೆಯೇ ಇದು ಎಂದು ಸ್ಥೂಲವಾಗಿ ಹೇಳಬಹುದು. ಆದರೆ ಕಲ್ಲಿನ ವೇಗ ನಾವು ಕೊಟ್ಟದ್ದು. ಕುಡಿಯ ಚಲನೆ ಅದರ ಬೆಳವಣಿಗೆಯಿಂದಲೇ ಬಂದದ್ದು.

ಮೇಲು ಯಾವುದು, ಕೆಳಗು ಯಾವುದು ಎಂಬುದು ಕುಡಿಗೆ ಹೇಗೆ ತಿಳಿಯುವುದು? ಕಾಂಡದೊಳಗಿನ ಕೆಲವು ಕೋಶಗಳಲ್ಲಿ ಪಿಷ್ಟದ ಕಣಗಳಿವೆ. ಅವು ಗುರುತ್ವಾಕರ್ಷಣೆಯಿಂದ ಕೋಶದ ತಳಕ್ಕೆ ಇಳಿಯುತ್ತವೆ. ಕಾಂಡವು ಒರಗಿದರೆ ಕಣಗಳೂ ಸರಿದು ಬೇರೊಂದು ಬದಿಯಲ್ಲಿ ಕೂಡುತ್ತವೆ. ಸಸ್ಯವು ಅದರಿಂದ ದಿಕ್ಕನ್ನು ಅರಿಯುವುದು. ಜಪಾನಿನಲ್ಲಿ ಬಹುಕಾಲದಿಂದ ಬೆಳೆಸುತ್ತ ಬಂದಿರುವ ಬೆಳಗಿನ ಹೂಬಳ್ಳಿಯಲ್ಲಿ ಜೋಲುವ ತಳಿಯೊಂದುಂಟು. ಅದು ಎಂದೂ ಆಸರೆಯನ್ನು ಸುತ್ತದೆ ನೆಲದತ್ತ ಜೋಲುವುದು. ಈ ತಳಿಯಲ್ಲಿ ಒಂದು ಜೀನು ಕೆಟ್ಟಿರುವುದರಿಂದ ಗುರುತ್ವವನ್ನು ಅರಿಯುವ ಕೋಶಗಳ ಪದರವೇ ಸರಿಯಾಗಿ ರೂಪುಗೊಳ್ಳುವುದಿಲ್ಲವೆಂದು ೨೦೦೫ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಭಾರವನ್ನು ಅರಿಯಲಾರದ ಬಳ್ಳಿ ಸುತ್ತಲಾರದು, ಏರಲಾರದು.

ಹಾಗಾದರೆ ಭಾರವೇ ಇಲ್ಲದ ಕಡೆ ಸಸ್ಯಗಳು ಏನು ಮಾಡುವುವು? ೧೯೮೩ರಲ್ಲಿ ಸ್ಪೇಸ್‌ಲ್ಯಾಬ್ ಎಂಬ ಪ್ರಯೋಗಶಾಲೆಯಲ್ಲಿ ಸೂರ್ಯಕಾಂತಿಯ ಎಳೆಯ ಗಿಡಗಳನ್ನು ಅಂತರಿಕ್ಷಕ್ಕೆ ಕೊಂಡೊಯ್ದು ನೋಡಿದಾಗ, ಅವುಗಳ ತುದಿಗಳು ಅಲ್ಲಿಯೂ ಸಣ್ಣ ಸುತ್ತುಗಳನ್ನು ಹಾಕುತ್ತಿದ್ದುದು ಕಂಡುಬಂದಿತು. ಮುಂದೆ ೨೦೦೯ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಸಾಸಿವೆಯ ಕುಟುಂಬದ ಅರಬಿಡಾಪ್ಸಿಸ್ ಗಿಡದ ಸುತ್ತುಗಳು ಭಾರರಹಿತ ಸ್ಥಿತಿಯಲ್ಲಿ ಕಿರಿದಾಗಿಯೂ, ತಿರುಗುವ ಯಂತ್ರದಿಂದ ಕೃತಕವಾಗಿ ಭಾರವನ್ನು ಉಂಟುಮಾಡಿದಾಗ ಹಿರಿದಾಗಿಯೂ ಇದ್ದುವು. ಸುತ್ತುವ ಪ್ರವೃತ್ತಿ ಸಸ್ಯದ ಒಳಗಿನದು. ಅದನ್ನು ಹಿಗ್ಗಿಸುವುದು ಗುರುತ್ವ. ಒಂದು ನೂರು ವರ್ಷಕ್ಕೂ ಹಿಂದೆ ಕಾಯಿಲೆಯವರೊಬ್ಬರು ಕೋಣೆಯಲ್ಲಿ ಎತ್ತಿದ ಪ್ರಶ್ನೆಗೆ ಉತ್ತರ ಅರಸುತ್ತ ಭೂಮಿಯನ್ನೇ ಬಿಟ್ಟು ಹೋಗಬೇಕಾಯಿತು!

ಬಲವೋ, ಎಡವೋ?

ಸುತ್ತುವ ದಿಕ್ಕಿನ ವಿಷಯದಲ್ಲಿ ಬಳ್ಳಿಗಳು ಹಟವಾದಿಗಳು. ಸಾಮಾನ್ಯವಾದ ತಿರುಪುಮೊಳೆಯನ್ನು ನಿಲ್ಲಿಸಿ ಎದುರಿನಿಂದ ನೋಡಿದರೆ, ಅದರ ಗೆರೆಗಳು ಎಡಗಡೆಯ ಕೆಳಗಿನಿಂದ ಬಲಗಡೆಯ ಮೇಲಕ್ಕೆ ಏರುವಂತೆ ಕಾಣುವುವು. ಈ ರೀತಿಯದು ಬಲಸುರುಳಿ. ಇದಕ್ಕೆ ವಿರುದ್ಧವಾದುದು ಎಡಸುರುಳಿ. ಭೂಮಿಯ ಎರಡು ಗೋಲಾರ್ಧಗಳ ಹಲವು ಕಾಡುಗಳಲ್ಲಿ ಬಳ್ಳಿಗಳನ್ನು ಪರೀಕ್ಷಿಸಿ ೨೦೦೭ರಲ್ಲಿ ಪ್ರಕಟಿಸಿದ ವರದಿಯಂತೆ, ಸುತ್ತುವ ಕಾಂಡಗಳಲ್ಲಿ ನೂರಕ್ಕೆ ೯೨ ಬಲಸುರುಳಿಗಳು. ಸೂರ್ಯನ ಹಾದಿಯಿಂದಲೋ ಭೂಮಿಯ ತಿರುಗುವಿಕೆಯಿಂದಲೋ ಈ ದಿಕ್ಕು ಬರುವುದೆಂದು ಹಲವರು ನಂಬಿರುವುದುಂಟು. ಹಾಗಿದ್ದರೆ ಸಮಭಾಜಕವನ್ನು ದಾಟಿದೊಡನೆ ಬಲವು ಎಡವಾಗಬೇಕಿತ್ತು, ಆಗುವುದಿಲ್ಲ. ಅಷ್ಟೇ ಅಲ್ಲದೆ, ಗೆಣಸುಗಳಿಗಾಗಿ ಬೆಳೆಸುವ ಡಯಾಸ್ಕೋರಿಯ ಎಂಬ ಒಂದೇ ಕುಲದಲ್ಲಿ ಕೆಲವು ಜಾತಿಗಳು ಬಲಕ್ಕೂ ಕೆಲವು ಎಡಕ್ಕೂ ಸುತ್ತುತ್ತವೆ. ದಿಕ್ಕು ಹುಟ್ಟಿನಿಂದ ಬಂದುದು.

ತೋಟ ಮಾಡುವವರಿಗೆ ಇದರಿಂದ ಒಂದು ಪಾಠವುಂಟು. ಕುಡಿಗೆ ಸಹಾಯ ಮಾಡಲೆಂದು ನಾವು ಅದನ್ನು ದಾರಕ್ಕೆ ಸುತ್ತುವುದುಂಟು. ಅದರ ದಿಕ್ಕಿಗೆ ವಿರುದ್ಧವಾಗಿ ಸುತ್ತಿದರೆ, ಅದು ಮೆಲ್ಲನೆ ಬಿಚ್ಚಿಕೊಂಡು ತನ್ನ ದಿಕ್ಕಿನಲ್ಲಿಯೇ ಮತ್ತೆ ಹೊರಡುವುದು. ಹಳೆಯ ಕಾಂಡ ಯಾವ ಕಡೆಗೆ ಸುತ್ತಿದೆಯೆಂದು ನೋಡಿ ಅನಂತರ ಕೈಹಾಕಬೇಕು.

ಜಾರದೆ ನಿಲ್ಲುವ ಬಗೆ

ಸುತ್ತಿದ ಬಳ್ಳಿ ಜಾರಿ ಕೆಳಗೆ ಬೀಳುವುದಿಲ್ಲವೇಕೆ? ಅಂಟಿಲ್ಲ, ಮುಳ್ಳಿಲ್ಲ, ಬೇರಿಲ್ಲ. ಅದನ್ನು ಹಿಡಿದಿರುವುದು ಘರ್ಷಣೆ.

ಕೊಬ್ಬಿದ ಹೋರಿಯನ್ನು ಹಿಡಿದವನು ಹಗ್ಗದ ತುದಿಯನ್ನು ಮರಕ್ಕೆ ಎರಡು ಸುತ್ತು ಹಾಕಿ ನಿಶ್ಚಿಂತೆಯಿಂದ ನಿಲ್ಲುವುದನ್ನು ನಾವು ನೋಡಿದ್ದೇವೆ. ಇದರ ಗಣಿತವನ್ನು ಹದಿನೆಂಟನೆಯ ಶತಮಾನದಲ್ಲಿ ಆಯ್ಲರ್ ತಿಳಿಸಿದನು. ಹಗ್ಗಕ್ಕೂ ಕಂಬಕ್ಕೂ ನಡುವಣ ಘರ್ಷಣೆಯ ಗುಣಾಂಕ ೦.೩ ಎಂದಿಟ್ಟುಕೊಳ್ಳೋಣ. ಒಂದು ಸುತ್ತು ಹಾಕಿದರೆ, ಒಂದು ಕಿಲೊಗ್ರಾಂ ಭಾರದಷ್ಟು ಬಲದಿಂದ ಹಿಡಿದವನು ಸುಮಾರು ೬.೬ ಕಿಲೊಗ್ರಾಂ ಭಾರದ ಎಳೆತವನ್ನು ತಡೆಯಬಲ್ಲನು. ಎರಡು ಸುತ್ತಿಗೆ ೪೩. ಮೂರು ಸುತ್ತಿಗೆ ೨೮೬! ಸುತ್ತುಗಳು ಕೂಡುತ್ತ ಹೋದಂತೆ ಹಿಡಿತವು ಕೂಡುವುದಿಲ್ಲ, ಗುಣಿಸುತ್ತ ಹೋಗುವುದು. ಬಳ್ಳಿಯು ಓರೆಯಾಗಿ ಏರುವುದರಿಂದ ಅದರ ಲೆಕ್ಕ ಇಷ್ಟು ನೇರವಲ್ಲ. ಆದರೂ ತತ್ತ್ವ ಇದೇ. ಸುತ್ತಿದ ಕಾಂಡವು ನೆಟ್ಟಗಾಗಲು ಯತ್ನಿಸುತ್ತ ಸುರುಳಿಯನ್ನು ಬಿಗಿಗೊಳಿಸುವುದು; ಬಿಗಿಯಾದ ಸುರುಳಿ ಕಡ್ಡಿಯನ್ನು ಒತ್ತುವುದು; ಒತ್ತಿದಷ್ಟೂ ಘರ್ಷಣೆ ಹೆಚ್ಚುವುದು.

ಕಂಬವು ದಪ್ಪವಾದರೆ ಏನಾಗುವುದೆಂಬುದನ್ನೂ ಇಲ್ಲಿಯೇ ನೋಡೋಣ. ಒಂದು ಮೀಟರು ಉದ್ದದ ಬಳ್ಳಿ ನೆಲಮಟ್ಟಕ್ಕೆ ೬೦ ಡಿಗ್ರಿ ಓರೆಯಾಗಿ ಏರುತ್ತಿದೆಯೆನ್ನೋಣ. ಅದು ೮೭ ಸೆಂಟಿಮೀಟರು ಎತ್ತರವನ್ನು ಮುಟ್ಟುವುದು. ಸುತ್ತುವುದಕ್ಕೆ ವ್ಯಯವಾಗುವ ಉದ್ದ ೫೦ ಸೆಂಟಿಮೀಟರು. ಒಂದು ಸೆಂಟಿಮೀಟರು ವ್ಯಾಸದ ಕಡ್ಡಿಯ ಸುತ್ತಳತೆ ೩.೧೪ ಸೆಂಟಿಮೀಟರು; ಆದುದರಿಂದ ಸುಮಾರು ೧೬ ಸುತ್ತುಗಳಾಗುವುವು. ಹತ್ತು ಸೆಂಟಿಮೀಟರು ವ್ಯಾಸದ ಕಂಬವಾದರೆ ಒಂದೂವರೆ ಸುತ್ತು ಮಾತ್ರ. ಬಳ್ಳಿ ಅದೇ, ಉದ್ದ ಅದೇ, ಎತ್ತರ ಅದೇ. ಹಿಡಿತ ಮಾತ್ರ ಬಹಳ ಕಡಿಮೆ. ಇನ್ನೂ ದಪ್ಪವಾದರೆ ಕುಡಿಯು ಕಂಬದ ಹಿಂಬದಿಯನ್ನು ತಲುಪುವ ಮೊದಲೇ ಬಾಗಿ ಬೀಳುವುದು. ಗೋಡೆಯೆಂದರೆ ಅಳತೆಗೆ ಮೀರಿದ ದಪ್ಪದ ಕಂಬವಲ್ಲದೆ ಮತ್ತೇನು? ಹಗ್ಗದಲ್ಲಿ ಇದ್ದು ಗೋಡೆಯಲ್ಲಿ ಇಲ್ಲದಿದ್ದುದು ಇದೇ: ಸುತ್ತಲು ಬರುವಷ್ಟು ತೆಳುವು, ಜಾರದಷ್ಟು ಒರಟು.

ಬೆಳೆಸುವ ಕ್ರಮ

ಇಷ್ಟು ತಿಳಿದ ಮೇಲೆ ಬೆಳೆಸುವುದು ಕಷ್ಟವಲ್ಲ. ಮೊದಲು ಬೀಜದ ಮಾತು. ಶಂಖಪುಷ್ಪದ ಬೀಜದ ಸಿಪ್ಪೆ ಗಟ್ಟಿ. ನೀರು ಸುಲಭವಾಗಿ ಒಳಹೋಗದು. ಹಾಗೆಯೇ ಬಿತ್ತಿದರೆ ಕೆಲವು ಬೇಗ, ಕೆಲವು ಬಹಳ ತಡವಾಗಿ ಮೊಳೆಯುತ್ತವೆ. ಆದುದರಿಂದ ಬೀಜದ ಒಂದು ಬದಿಯನ್ನು ಮರಳುಕಾಗದದ ಮೇಲೆ ನಾಲ್ಕು ಬಾರಿ ಉಜ್ಜಿ, ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿಡಬೇಕು. ನೀರು ಕುಡಿದ ಬೀಜ ಬೆಳಿಗ್ಗೆ ಉಬ್ಬಿರುವುದು; ಉಬ್ಬದವನ್ನು ಮತ್ತೆ ಉಜ್ಜಿ ನೆನೆಸಬಹುದು. ಒಂದೆರಡು ಸೆಂಟಿಮೀಟರು ಆಳದಲ್ಲಿ, ಬಳ್ಳಿ ಬೆಳೆಯಬೇಕಾದ ಸ್ಥಳದಲ್ಲಿಯೇ ಬಿತ್ತುವುದು ಲೇಸು. ಕಿತ್ತು ನೆಡುವಾಗ ಆಳಕ್ಕಿಳಿಯುವ ತಾಯಿಬೇರಿಗೆ ಪೆಟ್ಟಾಗುವುದು. ನಮ್ಮಲ್ಲಿ ಮುಂಗಾರಿನ ಆರಂಭ ಒಳ್ಳೆಯ ಕಾಲ. ನೀರಿನ ಅನುಕೂಲವಿದ್ದರೆ ಬೇಸಿಗೆಯಲ್ಲಿಯೂ ಬಿತ್ತಬಹುದು.

ದಿನಕ್ಕೆ ಐದಾರು ಗಂಟೆಯಾದರೂ ಬಿಸಿಲು ಬೀಳುವ ಸ್ಥಳವನ್ನು ಆರಿಸಬೇಕು. ನೆರಳಿನಲ್ಲಿ ಎಲೆ ಬರುವುದು, ಹೂವು ವಿರಳ. ನೀರು ನಿಲ್ಲುವ ಜಾಗ ಸಲ್ಲದು. ಕುಂಡದಲ್ಲಾದರೆ ಮೂವತ್ತು ಸೆಂಟಿಮೀಟರಿಗೆ ಕಡಿಮೆಯಿಲ್ಲದ ಅಗಲವಿರಲಿ. ತಳದಲ್ಲಿ ನೀರು ಬಸಿಯಲು ತೂತಿರಲಿ.

ಗಿಡವು ಗೇಣುದ್ದ ಆಗುವುದಕ್ಕೆ ಮೊದಲೇ ಆಸರೆಯನ್ನು ಸಿದ್ಧಪಡಿಸಬೇಕು. ಸೆಣಬಿನ ಹುರಿ, ತೆಂಗಿನ ನಾರಿನ ಹಗ್ಗ, ಬೆರಳು ದಪ್ಪದ ಬಿದಿರಿನ ಕಡ್ಡಿ ಇವು ಉತ್ತಮ. ನುಣುಪಾದ ಪ್ಲಾಸ್ಟಿಕ್ ಕೊಳವೆಯಲ್ಲಿ ಘರ್ಷಣೆ ಸಾಲದು. ಆಸರೆ ನೆಟ್ಟಗೆ ನಿಂತಿರಲಿ. ಗುರುತ್ವವನ್ನು ನೋಡಿ ನಡೆಯುವ ಕುಡಿಗೆ ಅಡ್ಡಲಾಗಿ ಕಟ್ಟಿದ ತಂತಿ ಅಷ್ಟಾಗಿ ಒಗ್ಗದು. ಆಸರೆ ಗಿಡದಿಂದ ಒಂದು ಅಂಗೈಯಗಲಕ್ಕಿಂತ ದೂರವಿರಬಾರದು. ಎಳೆಯ ಕುಡಿ ಬಳಸುವ ವೃತ್ತ ಸಣ್ಣದು. ಗೋಡೆಯನ್ನೇ ಮುಚ್ಚಬೇಕೆಂಬ ಆಸೆಯಿದ್ದರೆ, ಮೇಲೊಂದು ಕೆಳಗೊಂದು ಸಾಲು ಮೊಳೆ ಹೊಡೆದು, ಗೋಡೆಗೆ ತಗುಲದಂತೆ ಎರಡು ಬೆರಳಗಲ ಬಿಟ್ಟು, ಗೇಣಿಗೊಂದರಂತೆ ಹುರಿಗಳನ್ನು ಕಟ್ಟಬಹುದು. ಎಳೆಯ ದಾಳಿಂಬೆ, ಸೀಬೆ ಮುಂತಾದ ಗಿಡಗಳ ಮೇಲೆ ಮಾತ್ರ ಬಳ್ಳಿಯನ್ನು ಹಬ್ಬಿಸಬಾರದು. ಎರವಲು ಕೊಟ್ಟ ಗಿಡದ ಬೆಳಕನ್ನೇ ಅದು ಕಸಿದುಕೊಳ್ಳುವುದು.

ಗೊಬ್ಬರದ ವಿಷಯದಲ್ಲಿ ನಾವು ಮಾಡಿದ ಎರಡನೆಯ ತಪ್ಪನ್ನು ಹೇಳಬೇಕು. ಅವರೆಯ ಕುಟುಂಬದ ಇತರ ಗಿಡಗಳಂತೆ ಶಂಖಪುಷ್ಪದ ಬೇರುಗಳಲ್ಲಿಯೂ ಸಣ್ಣ ಗಂಟುಗಳಿರುತ್ತವೆ. ಅವುಗಳೊಳಗೆ ವಾಸಿಸುವ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ತಾನೇ ಸಂಪಾದಿಸುವವನಿಗೆ ನಾವು ಸಾರಜನಕದ ಗೊಬ್ಬರವನ್ನು ಮತ್ತಷ್ಟು ಸುರಿದರೆ ಎಲೆ ಸೊಕ್ಕಿ, ಹೂವು ಹಿಂದಾಗುವುದು. ಬಿತ್ತುವಾಗ ಒಂದಿಷ್ಟು ಹಳೆಯ ಕೊಟ್ಟಿಗೆಗೊಬ್ಬರವನ್ನು ಮಣ್ಣಿನಲ್ಲಿ ಬೆರೆಸಿದರೆ ಸಾಕು.

ಬಿತ್ತಿದ ಸುಮಾರು ಎರಡು ತಿಂಗಳಿಗೆ ಹೂವು ಕಾಣಿಸಿಕೊಳ್ಳುವುದು. ಹೂವು ಬಾಡಿದ ಮೇಲೆ ಚಪ್ಪಟೆಯಾದ ಕಾಯಿ ಬಿಡುವುದು. ಬೀಜಕ್ಕೆ ಬೇಕಾದಷ್ಟನ್ನು ಬಿಟ್ಟು ಉಳಿದ ಕಾಯಿಗಳನ್ನು ಎಳೆಯದರಲ್ಲಿಯೇ ಕಿತ್ತರೆ ಹೂವು ಹೆಚ್ಚು ದಿನ ಬರುವುದು. ಬೀಜ ಮತ್ತು ಬೇರುಗಳು ಭೇದಿಗೆ ಕಾರಣವಾಗುವುದರಿಂದ ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಬೇಕು.

ಹೂವಿನ ಎರಡು ವಿಶೇಷಗಳು

ಅರಳಿದ ಹೂವನ್ನು ಅವರೆಯ ಹೂವಿನ ಪಕ್ಕದಲ್ಲಿಟ್ಟು ನೋಡಬೇಕು. ಅವರೆಯಲ್ಲಿ ದೊಡ್ಡ ದಳವು ಮೇಲ್ಗಡೆ ನಿಂತಿರುವುದು. ಶಂಖಪುಷ್ಪದಲ್ಲಿ ಹೂವೇ ತಲೆಕೆಳಗಾಗಿ, ದೊಡ್ಡ ದಳವು ಕೆಳಗಡೆ ಜಗಲಿಯಂತೆ ಹರಡಿರುವುದು. ಅದರ ಮೇಲೆ ಇಳಿದ ದುಂಬಿಯ ಬೆನ್ನಿಗೆ ಪರಾಗ ತಗುಲುವುದು.

ಎರಡನೆಯದು ಬಣ್ಣ. ನಾಲ್ಕಾರು ನೀಲಿಯ ಹೂಗಳನ್ನು ಬಿಸಿನೀರಿನಲ್ಲಿ ಹಾಕಿದರೆ ನೀರು ನೀಲಿಯಾಗುವುದು. ಅದಕ್ಕೆ ನಿಂಬೆಹಣ್ಣಿನ ರಸ ಹಿಂಡಿದರೆ ನೇರಿಳೆಯ ಬಣ್ಣಕ್ಕೆ ತಿರುಗುವುದು. ಮತ್ತೊಂದು ಲೋಟದಲ್ಲಿ ಸ್ವಲ್ಪ ವಾಷಿಂಗ್ ಸೋಡ ಬೆರೆಸಿದರೆ ಹಸಿರಿನ ಕಡೆಗೆ ಹೋಗುವುದು. ಟರ್ನಾಟಿನ್‌ಗಳೆಂಬ ವರ್ಣದ್ರವ್ಯಗಳ ಅಣುಗಳು ಆಮ್ಲದಲ್ಲಿ ಒಂದು ರೂಪವನ್ನೂ ಪ್ರತ್ಯಾಮ್ಲದಲ್ಲಿ ಇನ್ನೊಂದು ರೂಪವನ್ನೂ ತಳೆದು, ಬೆಳಕಿನ ಬೇರೆ ಬೇರೆ ಭಾಗಗಳನ್ನು ಹೀರುವುದೇ ಇದಕ್ಕೆ ಕಾರಣ. ಲಿಟ್ಮಸ್ ಕಾಗದವಿಲ್ಲದ ಶಾಲೆಗೂ ಒಂದು ಬಳ್ಳಿ ಲಿಟ್ಮಸ್ಸನ್ನು ಒದಗಿಸಬಲ್ಲುದು. ಸೋಡ ಬೆರೆಸಿದುದನ್ನು ಕುಡಿಯಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಓದುಗರು ಮಾಡಬಹುದಾದ ಪ್ರಯೋಗ

ಡಾರ್ವಿನ್ನರ ಬಳಿ ಆ ಕೋಣೆಯಲ್ಲಿ ಇದ್ದುದು ಒಂದು ಕುಂಡ, ಒಂದು ಗಡಿಯಾರ ಮತ್ತು ಸಹನೆ. ಇವು ಮೂರೂ ನಮ್ಮ ವಿದ್ಯಾರ್ಥಿಗಳಿಗೆ ದೊರೆಯದ ವಸ್ತುಗಳಲ್ಲ. ಕುಂಡದಲ್ಲಿ ಬೆಳೆದ ಶಂಖಪುಷ್ಪದ ಕುಡಿಯನ್ನು ಆಸರೆಯಿಲ್ಲದೆ ಬಿಡಿ. ಗಾಳಿ ಬೀಸದ ಕಡೆ ಕುಂಡವನ್ನಿರಿಸಿ, ಬುಡದ ಸುತ್ತ ಒಂದು ರಟ್ಟನ್ನು ಮಟ್ಟವಾಗಿ ಹಾಸಿ. ದಾರಕ್ಕೆ ಸಣ್ಣ ಕಲ್ಲು ಕಟ್ಟಿ ತೂಗುಗುಂಡನ್ನು ಮಾಡಿಕೊಂಡು, ಕುಡಿಯ ತುದಿಯ ನೇರ ಕೆಳಗೆ ರಟ್ಟಿನ ಮೇಲೆ ಚುಕ್ಕೆಯಿಟ್ಟು ಸಮಯವನ್ನು ಬರೆಯಿರಿ. ಕಾಲುಗಂಟೆಗೊಮ್ಮೆ ಹೀಗೆ ಮಾಡುತ್ತ ಹೋದರೆ ಚುಕ್ಕೆಗಳ ಒಂದು ಬಳೆ ಮೂಡುವುದು. ಒಂದು ಸುತ್ತಿಗೆ ಎಷ್ಟು ಹೊತ್ತು? ಮಧ್ಯಾಹ್ನದ ಸೆಕೆಯಲ್ಲಿಯೂ ರಾತ್ರಿಯ ತಂಪಿನಲ್ಲಿಯೂ ವೇಗ ಒಂದೇ ಆಗಿದೆಯೇ? ಮೇಲಿನಿಂದ ನೋಡಿದಾಗ ಅದು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುತ್ತಿದೆಯೇ, ವಿರುದ್ಧವಾಗಿಯೇ? ಅನಂತರ ಕಡ್ಡಿಯೊಂದನ್ನು ನೆಟ್ಟು, ಸುರುಳಿ ಬಲವೋ ಎಡವೋ ನೋಡಿ, ಎರಡಕ್ಕೂ ಹೊಂದಿಕೆಯಿದೆಯೇ ಎಂದು ಪರೀಕ್ಷಿಸಿ. ಉತ್ತರಗಳನ್ನು ನಾವು ಇಲ್ಲಿ ಬೇಕೆಂದೇ ಹೇಳಿಲ್ಲ.

ನಮ್ಮ ಹಿತ್ತಲಿನ ಗೋಡೆಯ ಮುಂದೆ ಈಗ ಹನ್ನೆರಡು ಹುರಿಗಳಿವೆ. ಅವುಗಳ ಮೇಲೆ ಬಳ್ಳಿ ಏರಿ ಗೋಡೆಯ ತಲೆಯನ್ನು ಮುಟ್ಟಿದೆ. ನಾವು ಬಯಸಿದ ನೀಲಿಯೂ ಬಂದಿದೆ. ನೆರೆಮನೆಯ ಹಿರಿಯರು ಮೊನ್ನೆ ಅದನ್ನು ನೋಡಿ, “ಕಡೆಗೆ ಯಾವ ಗೊಬ್ಬರ ಹಾಕಿದಿರಿ ಮೇಷ್ಟ್ರೇ?” ಎಂದು ಕೇಳಿದರು. ನಾವು ಅವರ ಕೈಗೆ ನಾಲ್ಕು ಬೀಜಗಳನ್ನೂ ಒಂದು ಮಾರು ಸೆಣಬಿನ ಹುರಿಯನ್ನೂ ಕೊಟ್ಟೆವು.